ಹೊಳೆ ಇಳಿದ ಮೇಲೆ

ಧಾರವಾಡದಲ್ಲಿ ಇಪ್ಪತ್ತು ವರ್ಷ ಕಳೆದವನು ಮಳೆಯನ್ನು ಕುರಿತು ನಾಲ್ಕು ಒಳ್ಳೆಯ ಮಾತು ಆಡದೆ ಇದ್ದರೆ ಜನ ಅವನನ್ನು ತುಸು ಅನುಮಾನದಿಂದಲೇ ನೋಡುತ್ತಾರೆ. ಇಲ್ಲಿ ಮಳೆಗೆ ಅಷ್ಟು ಮರ್ಯಾದೆ. ಬೇಂದ್ರೆಯವರು ಸಾಧನಕೇರಿಯಲ್ಲಿ ಕುಳಿತು ಶ್ರಾವಣವನ್ನು ಹಾಡಿದಂದಿನಿಂದ ಆ ತಿಂಗಳು ಪಂಚಾಂಗಕ್ಕೆ ಸೇರಿದ್ದಾಗಿ ಉಳಿಯದೆ ನಮ್ಮೂರಿನ ಆಸ್ತಿಯೇ ಆಗಿಬಿಟ್ಟಿದೆ. ಜಿಟಿಜಿಟಿ ಹತ್ತಿತೆಂದರೆ ನನ್ನ ಸಹೋದ್ಯೋಗಿಗಳು ಅಧ್ಯಾಪಕರ ಕೊಠಡಿಯ ಕಿಟಕಿ ತೆರೆದು ನಿಲ್ಲುತ್ತಾರೆ. ಒಬ್ಬರು ಪದ್ಯ ಗುನುಗುತ್ತಾರೆ. ಇನ್ನೊಬ್ಬರು, ಅವರು ಅರ್ಥಶಾಸ್ತ್ರದವರು, ಮಿರ್ಚಿಭಜಿಗೆ ಆಳು ಕಳಿಸುತ್ತಾರೆ. ಭಜಿ ಬಂದರೆ ನಾನೂ ತಿನ್ನುತ್ತೇನೆ. ಕಿಟಕಿಯ ಹತ್ತಿರ ಮಾತ್ರ ಹೋಗುವುದಿಲ್ಲ. ಮಳೆ ಒಂದು ತಾಸಿಗಿಂತ ಹೆಚ್ಚು ಹಿಡಿಯಿತೆಂದರೆ ಗಡಿಯಾರ ನೋಡತೊಡಗುತ್ತೇನೆ. ಕನ್ನಡ ಕಲಿಸುವವನು ಇಷ್ಟು ಅರಸಿಕನಾದರೆ ಹೇಗೆಂದು ಗೆಳೆಯರು ಚೇಷ್ಟೆ ಮಾಡಿದ್ದುಂಟು. ಅರಸಿಕತೆ ಎಂದು ಒಪ್ಪಿಕೊಂಡುಬಿಡುವುದು ಸುಲಭ. ನಿಜವಾದ ಕಾರಣ ಹೇಳಲು ಭಜಿ ಆರುವಷ್ಟು ಹೊತ್ತು ಬೇಕು.

ನನ್ನ ಹುಟ್ಟೂರು ರೋಣ ತಾಲೂಕಿನಲ್ಲಿದೆ, ಬೆಣ್ಣಿಹಳ್ಳವು ಮಲಪ್ರಭೆಯನ್ನು ಕೂಡುವ ಮೆಣಸಗಿಯ ಆಸುಪಾಸಿನಲ್ಲಿ. ಹೊಳೆ ಆಲೂರು ಸ್ಟೇಷನ್ನಿನಲ್ಲಿ ರೈಲು ಇಳಿದು ಹೋಗಬೇಕಾದ ಸೀಮೆ. ಎರೆಯ ನೆಲ, ಹಿಂಗಾರಿ ಜೋಳ, ಹತ್ತಿ, ಕಡಲೆ ಬೆಳೆಯುವ ನೆಲ. ಅಲ್ಲಿಯ ಜನ ತಮ್ಮ ಆಯುಷ್ಯದ ಮುಕ್ಕಾಲು ಪಾಲನ್ನು ಮಳೆ ಬರಲಿಲ್ಲವೆಂದು ಆಕಾಶವನ್ನು ಬೈಯುವುದರಲ್ಲಿಯೇ ಕಳೆಯುತ್ತಾರೆ. ಆದರೆ ಅವರಿಗೆ ನೆರೆ ಬರುವುದು ಬಹಳ ಮಟ್ಟಿಗೆ ಅವರ ಆಕಾಶದಿಂದಲ್ಲ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಅಲ್ಲಿಯ ಕಾಡಿನಲ್ಲಿ ಮಳೆ ಜಡಿದರೆ ಸವದತ್ತಿಯ ಹತ್ತಿರದ ನವಿಲುತೀರ್ಥದ ಅಣೆಕಟ್ಟು ತುಂಬಬೇಕು. ಅದು ತುಂಬಿದರೆ ಬಾಗಿಲು ತೆರೆಯಬೇಕು. ಇತ್ತ ಹುಬ್ಬಳ್ಳಿ, ಕುಂದಗೋಳ, ನವಲಗುಂದಗಳ ಕಡೆಯ ನೀರನ್ನೆಲ್ಲ ಬೆಣ್ಣಿಹಳ್ಳ ಹೊತ್ತು ತರುತ್ತದೆ. ಹುಬ್ಬಳ್ಳಿಯ ಗೃಹಸ್ಥರೊಬ್ಬರ ಕೊಡೆಯಿಂದ ಜಾರಿದ ಹನಿ ಎರಡು ದಿನ ಬಿಟ್ಟು ನಮ್ಮವ್ವನ ಹೊಸ್ತಿಲಿಗೆ ಬರುತ್ತದೆಂದರೆ ತೀರ ಉತ್ಪ್ರೇಕ್ಷೆಯಲ್ಲ.

2009ರಲ್ಲಿ ಮಾತ್ರ ಹಾಗಾಗಲಿಲ್ಲ. ಆ ವರ್ಷ ಬರದ ವರ್ಷ. ಮುಂಗಾರು ಕೈಕೊಟ್ಟಿತ್ತು. ಸೆಪ್ಟೆಂಬರ್ 28ಕ್ಕೆ ವಿಜಯದಶಮಿ. ಬನ್ನಿ ಕೊಟ್ಟು ಬಂಗಾರದಂತೆ ಇರೋಣವೆಂದು ಹೇಳಿಕೊಂಡೆವು. ನಾನು ಆಗ ಕಾಲೇಜಿನಲ್ಲಿ ತಾತ್ಪೂರ್ತಿಕ ಅಧ್ಯಾಪಕ. ಹಬ್ಬಕ್ಕೆಂದು ಹೋದವನು ಸೀಗೀ ಹುಣ್ಣಿವೆ ಮುಗಿಸಿ, ಹೊಲದಲ್ಲಿ ಚರಗ ಚೆಲ್ಲಿ ಬಂದರಾಯಿತೆಂದು ಉಳಿದುಕೊಂಡಿದ್ದೆ. ಮಾರನೆಯ ದಿನದಿಂದಲೇ ಮೋಡ ಕವಿದು, ತಿಂಗಳ ಕೊನೆಗೆ ಮಳೆ ಹಿಡಿಯಿತು. ಬಂಗಾಳ ಉಪಸಾಗರದ ವಾಯುಭಾರ ಕುಸಿತವೆಂದು ಆಮೇಲೆ ಪತ್ರಿಕೆಗಳಲ್ಲಿ ಓದಿದೆವು. ಆಗ ನಮಗೆ ತಿಳಿದದ್ದು ಇಷ್ಟೇ: ಎಂದೂ ಮಳೆ ಕಾಣದ ವಿಜಾಪುರ, ಬಾಗಲಕೋಟೆ, ರಾಯಚೂರು, ಗದಗ ಸೀಮೆಗಳ ಮೇಲೆ ಆಕಾಶವೇ ತೂತಾಗಿದೆ. ಉತ್ತರ ಕರ್ನಾಟಕದಲ್ಲಿ ಆ ನಾಲ್ಕೈದು ದಿನಗಳಲ್ಲಿ 200ಕ್ಕೂ ಹೆಚ್ಚು ಜನ ತೀರಿಕೊಂಡರು. ಹಲವರನ್ನು ಕೊಂದದ್ದು ಹೊಳೆಯಲ್ಲ, ಅವರವರ ಮನೆಯ ಗೋಡೆ.

ನಮ್ಮ ಕಡೆಯ ಮನೆಗಳನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಮಣ್ಣಿನ ಗೋಡೆ, ಜಂತಿ, ಮೇಲೆ ಮಣ್ಣು ಮೆತ್ತಿದ ಮಾಳಿಗೆ. ಬೇಸಿಗೆಯಲ್ಲಿ ಅಂಥ ತಂಪು ಇನ್ನೊಂದಿಲ್ಲ. ಆದರೆ ಮಾಳಿಗೆಯ ಮಣ್ಣು ಮೂರು ದಿನ ನೀರು ಕುಡಿದರೆ ಅದರ ಭಾರವನ್ನು ಅದೇ ನೀರು ಕುಡಿದ ಗೋಡೆ ಹೊರಲಾರದು. ಅಕ್ಟೋಬರ್ 1ರ ರಾತ್ರಿ ನಾವು ಸೋರುವ ಕಡೆಯಲ್ಲೆಲ್ಲ ಕೊಡ, ಬೋಗುಣಿ ಇಟ್ಟು ಕುಳಿತಿದ್ದಾಗ ನೆರೆಮನೆಯ ಗೋಡೆ ಬಿದ್ದಿತು. ದೊಡ್ಡ ಸಪ್ಪಳವೇನೂ ಆಗಲಿಲ್ಲ. ತೊಯ್ದ ಹಸಿಬೆಚೀಲವನ್ನು ಯಾರೋ ನೆಲಕ್ಕೆ ಇಳಿಸಿದಂತೆ ಒಂದು ಸಣ್ಣ ‘ದೊಪ್’. ಸ್ವಲ್ಪ ಹೊತ್ತಿಗೆ ಹಳ್ಳದ ಕಡೆಯಿಂದ ನೀರು ಬಂದಿತು. ಹೊಳೆ ತಾನೇ ತುಂಬಿದ್ದರಿಂದ ಹಳ್ಳವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹಳ್ಳ ಊರಿನೊಳಕ್ಕೆ ಹೊರಳಿತು.

ಸಾಲಿಯ ಕಟ್ಟಡ ಒಂದೇ ಸಿಮೆಂಟಿನದು. ಅದರ ಮೇಲಕ್ಕೆ ಮೆಟ್ಟಿಲಿಲ್ಲ. ನಿಚ್ಚಣಿಕೆ ಹಚ್ಚಿ ಅರವತ್ತು ಎಪ್ಪತ್ತು ಜನ ಹತ್ತಿದೆವು. ಅಂಥ ಹೊತ್ತಿನಲ್ಲಿ ಮನುಷ್ಯ ಏನನ್ನು ಕೈಗೆ ತೆಗೆದುಕೊಳ್ಳುತ್ತಾನೆಂಬುದಕ್ಕೆ ಯಾವ ಶಾಸ್ತ್ರವೂ ಇಲ್ಲ. ಒಬ್ಬಾಕೆ ಮರವನ್ನು ತಂದಿದ್ದಳು, ಕಾಳು ಕೇರುವ ಮರ. ಇನ್ನೊಬ್ಬ ಗೋಡೆಯ ಗಡಿಯಾರವನ್ನು ಎದೆಗವಚಿಕೊಂಡಿದ್ದ; ಅದು ರಾತ್ರಿಯಿಡೀ ತಪ್ಪದೆ ಗಂಟೆ ಹೊಡೆಯಿತು. ನಮ್ಮವ್ವ ರೇಷನ್ ಕಾರ್ಡನ್ನೂ ರೊಟ್ಟಿಯ ಗಂಟನ್ನೂ ತಂದಿದ್ದಳು. ಅಪ್ಪ ಎಲ್ಲರಿಗಿಂತ ತಡವಾಗಿ ಬಂದ, ಒಂದು ಎತ್ತಿನ ಹಗ್ಗ ಹಿಡಿದುಕೊಂಡು. ಇನ್ನೊಂದರ ಕಣ್ಣಿ ನೆನೆದು ಗಂಟು ಬಿಗಿದುಬಿಟ್ಟಿತ್ತು. ಕುಡಗೋಲು ಕೈಗೆ ಸಿಗಲಿಲ್ಲ. ಎದೆಮಟ್ಟ ನೀರಿನಲ್ಲಿ ನಿಂತು, ಕತ್ತಲಲ್ಲಿ, ಉಗುರಿನಿಂದ ಬಿಚ್ಚಲು ನೋಡಿದ್ದಾನೆ. ಬೆಳಗಾದಾಗ ಅವನ ಬೆರಳುಗಳನ್ನು ನೋಡಿದೆವು. ಅವನೇನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇಷ್ಟನ್ನು ಹೇಳಿದ್ದು ಕಥೆ ಹೇಳುವುದಕ್ಕಲ್ಲ. ಹೊಳೆ ಬರುವುದನ್ನು ಬಣ್ಣಿಸುವವರು ಬಹಳ. ಪತ್ರಿಕೆಗಳು ಚಿತ್ರ ಹಾಕುತ್ತವೆ, ಮಂತ್ರಿಗಳು ಮೇಲಿನಿಂದ ನೋಡಿ ಹೋಗುತ್ತಾರೆ. ಹೊಳೆ ಇಳಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಚಿತ್ರವಿಲ್ಲ. ನಾನು ಹೇಳಬೇಕೆಂದಿರುವುದು ಅದನ್ನು.

ಹತ್ತು ದಿನದ ಮೇಲೆ ಧಾರವಾಡಕ್ಕೆ ಮರಳಿದೆ. ಪಾಠ ಮಾಡಿದೆ, ಊಟ ಮಾಡಿದೆ, ಹಳೆಯ ಬಟ್ಟೆ ಕೂಡಿಸಿ ಊರಿಗೆ ಕಳಿಸಿದೆ. ನೋಡಿದವರು ಇವನಿಗೇನೂ ಆಗಿಲ್ಲವೆಂದುಕೊಂಡರು. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಆಗ ನಮ್ಮ ಓಣಿಗೆ ನಳದ ನೀರು ಬರುತ್ತಿದ್ದುದು ಐದಾರು ದಿನಕ್ಕೊಮ್ಮೆ, ಅದೂ ಅಪರಾತ್ರಿಯಲ್ಲಿ. ಬರುವ ಮೊದಲು ನಳ ಒಂದು ನಿಟ್ಟುಸಿರು ಬಿಡುತ್ತದೆ. ಆಮೇಲೆ ಗೊರಗೊರ ಎನ್ನುತ್ತದೆ. ಆಮೇಲೆ ಧೋ ಎಂದು ಸುರಿಯುತ್ತದೆ. ಹುಬ್ಬಳ್ಳಿ-ಧಾರವಾಡದ ಗೃಹಿಣಿಯರಿಗೆ ಅದಕ್ಕಿಂತ ಇಂಪಾದ ಸಂಗೀತ ಇನ್ನೊಂದಿರಲಿಲ್ಲ. ಓಣಿಯೆಲ್ಲ ದೀಪ ಹಚ್ಚಿ ಕೊಡ ಹಿಡಿದು ಸಂಭ್ರಮಪಡುವಾಗ ನಾನು ಹಾಸಿಗೆಯಲ್ಲಿ ಎದ್ದು ಕುಳಿತು, ಬೆವರಿನಲ್ಲಿ ತೊಯ್ದು, ಬಾಗಿಲು ಯಾವ ಕಡೆಗಿದೆ ಎಂದು ಕೈಯಾಡಿಸುತ್ತಿದ್ದೆ. ಅದು ನಳವೆಂದು ಬುದ್ಧಿಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಕಾಲು ನಿಚ್ಚಣಿಕೆಯನ್ನು ಹುಡುಕುತ್ತಿತ್ತು.

ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಬೆಳಿಗ್ಗೆ ನನ್ನೊಡನೆ ಅಡ್ಡಾಡುವ ಡಾಕ್ಟರರೊಬ್ಬರಿದ್ದರು. ಮನೋವೈದ್ಯರು. ಧಾರವಾಡದಲ್ಲಿ ಬ್ರಿಟಿಷರ ಕಾಲದಿಂದ ಹುಚ್ಚರ ಆಸ್ಪತ್ರೆಯೆಂದೇ ಹೆಸರಾದ, ಈಗ ಡಿಮ್ಹಾನ್ಸ್ ಆಗಿರುವ ಸಂಸ್ಥೆಯೊಂದಿರುವುದರಿಂದ ನಮ್ಮಲ್ಲಿ ಮನೋವೈದ್ಯರಿಗೂ ಕವಿಗಳಿಗೂ ಕೂಡಿಯೇ ವಿನೋದದ ಮಾತುಗಳಿವೆ. ಅವನ್ನಿಲ್ಲಿ ಬರೆಯುವುದು ಬೇಡ. ಅವರಿಗೆ ನಳದ ಸಂಗತಿಯನ್ನು ಹೇಳಿದೆ. ಅವರು ನಗಲಿಲ್ಲ. “ಊರಿಗೆ ಒಮ್ಮೆ ಕಳ್ಳರು ಬಂದು ಹೋದರೆಂದರೆ ತಳವಾರ ಆಮೇಲೆ ಎಲಿ ಬಿದ್ದರೂ ಒದರತಾನ. ಅಂವಗ ಹುಚ್ಚು ಹಿಡದದ ಅನ್ನಬೇಕೇನು? ಅಂವ ಚಾಕರಿ ಮಾಡ್ಲಿಕ್ಕೆ ಹತ್ಯಾನ,” ಎಂದರು. ಹೆಚ್ಚಿನ ಜನರಲ್ಲಿ ಈ ತಳವಾರ ಕೆಲವು ತಿಂಗಳಲ್ಲಿ ತಾನಾಗಿಯೇ ಸುಮ್ಮನಾಗುತ್ತಾನೆ; ಕೆಲವರಲ್ಲಿ ಆಗುವುದಿಲ್ಲ; ಆಗದಿದ್ದರೆ ಅದಕ್ಕೆ ಔಷಧ ಉಂಟು, ಉಪಾಯ ಉಂಟು, ನಾಚಿಕೆ ಬೇಡ ಎಂದೂ ಹೇಳಿದರು. ಅವರು ಕೊಟ್ಟ ಸಲಹೆ ಒಂದೇ. ನೀರು ಬರುವ ರಾತ್ರಿ ಮಲಗಿರಬೇಡಿ. ಎದ್ದು ನೀವೇ ಕೊಡ ಹಿಡಿಯಿರಿ. ಮುಂದಿನ ಸರದಿಯಿಂದ ನಾನೇ ಹಿಡಿದೆ. ಮೊದಮೊದಲು ಕೈ ನಡುಗಿ ಅರ್ಧ ನೀರು ಚೆಲ್ಲುತ್ತಿತ್ತು. ಹೋಳಿಹುಣ್ಣಿವೆಯ ಹೊತ್ತಿಗೆ ಅದು ಬರಿಯ ನಳವಾಯಿತು. ಮಳೆ ಮಾತ್ರ ಇನ್ನೂ ಬರಿಯ ಮಳೆಯಾಗಿಲ್ಲ.

ಕನ್ನಡದಲ್ಲಿ ಗಾಯ ಮಾಯುತ್ತದೆ ಎನ್ನುತ್ತೇವೆ. ವಿದ್ಯಾರ್ಥಿಗಳಲ್ಲಿ ಹಲವರು ಈ ‘ಮಾಯು’ವನ್ನು ಸಂಸ್ಕೃತದ ‘ಮಾಯ’ವೆಂದು ತಿಳಿದು, ಗಾಯ ಇದ್ದಕ್ಕಿದ್ದಂತೆ ಇಲ್ಲವಾಯಿತೆಂದು ಅರ್ಥಮಾಡುತ್ತಾರೆ. ನಮ್ಮ ಮಾತಿನ ಅರ್ಥ ಅದಲ್ಲ. ಮಾಯುವುದೆಂದರೆ ಬಾಯಿ ಕೂಡುವುದು, ಒಳಗಿನಿಂದ ತುಂಬಿಬರುವುದು. ಮಾದಲ್ಲಿ ಕಲೆ ಇದ್ದೇ ಇರುತ್ತದೆ. ಇದು ಪಾಠದ ಮಾತಾಯಿತು, ಇರಲಿ.

ಊರಿನ ಜನರಿಗೆ ಮೊದಲು ಗಂಜಿಕೇಂದ್ರ. ಅಲ್ಲಿಗೆ ಬಗೆಬಗೆಯ ಸಜ್ಜನರು ಬಂದರು. ಲಾರಿಗಟ್ಟಲೆ ರೊಟ್ಟಿ, ಶೇಂಗಾಚಟ್ನಿ ಬಂದವು. ಉತ್ತರ ಕರ್ನಾಟಕದ ತಾಯಂದಿರು ಕಷ್ಟಕಾಲದಲ್ಲಿ ಮೊದಲು ತಟ್ಟುವುದು ರೊಟ್ಟಿಯನ್ನೇ. ಒಂದು ದಿನ ನಾಲ್ಕು ಜನ ತರುಣರು ಬಂದು ಹೆಂಗಸರನ್ನೆಲ್ಲ ದುಂಡಗೆ ಕೂಡಿಸಿ, ಆ ರಾತ್ರಿ ಏನೇನಾಯಿತೆಂಬುದನ್ನು ಒಬ್ಬೊಬ್ಬರಾಗಿ ಹೇಳಿರಿ, ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದರು. ಒಳ್ಳೆಯ ಹುಡುಗರು, ಉದ್ದೇಶವೂ ಒಳ್ಳೆಯದು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ನಮ್ಮ ಸೋದರತ್ತೆ, “ಹೇಳಾಕ ಏನೈತ್ರಿ? ನಮ್ಮ ಮುಂದ ನಾವ ಏನ ಹೇಳೂನು? ಮೊದಲ ಒಂದ ಒಲಿ ಹೂಡಾಕ ಮೂರ ಕಲ್ಲ ಕೊಡಸ್ರಿ,” ಎಂದಳು. ಅಷ್ಟು ದಿನವೂ ಯಾರೋ ಬೇಯಿಸಿದ್ದನ್ನು ಸಾಲಿನಲ್ಲಿ ನಿಂತು ಇಸಿದುಕೊಂಡು ತಿನ್ನುವುದು ಅವರಿಗೆ ಹೊಳೆಗಿಂತ ದೊಡ್ಡ ಕಷ್ಟವಾಗಿತ್ತು. ಕೇಂದ್ರದ ಅಡಿಗೆಯನ್ನು ಅವರಿಗೇ ಒಪ್ಪಿಸಿದ ದಿನ ಆ ಹೆಂಗಸರು ಹದಿನೈದು ದಿನದಲ್ಲಿ ಮೊದಲ ಸಲ ಒಬ್ಬರ ಮೇಲೊಬ್ಬರು ರೇಗಿದರು, ಉಪ್ಪು ಹೆಚ್ಚಾಯಿತೆಂದು ಜಗಳವಾಡಿದರು. ಆ ಜಗಳ ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಊರು ಬದುಕಿದೆ ಎಂದುಕೊಂಡೆ. ಅಂದು ಸಂಜೆ ಒಲೆಯ ಸುತ್ತ ಕುಳಿತಾಗ ಆ ರಾತ್ರಿಯ ಮಾತು ತಾನಾಗಿಯೇ ಬಂದಿತು.

ಎರಡು ವರ್ಷದ ಮೇಲೆ, 2011ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಇನ್ನೆರಡು ಸಂಸ್ಥೆಗಳೊಡನೆ ಕೂಡಿ ಇಂಥ ಸಮಯದಲ್ಲಿ ಮನಸ್ಸಿಗೆ ಕೊಡಬೇಕಾದ ಪ್ರಥಮ ಚಿಕಿತ್ಸೆಯ ಕೈಪಿಡಿಯೊಂದನ್ನು ಹೊರತಂದಿತು. ಡಾಕ್ಟರರೇ ಅದನ್ನು ನನಗೆ ತೋರಿಸಿದರು. ನೋಡು, ಕೇಳು, ಬೇಕಾದವರೊಡನೆ ಕೂಡಿಸು ಎಂಬುದು ಅದರ ಸಾರ. ನಡೆದುದನ್ನು ಹೇಳೆಂದು ಒತ್ತಾಯಿಸಬಾರದು, ಹೇಳಿದರೆ ಕಿವಿಗೊಡಬೇಕು, ಅವರವರ ಕೈಯಲ್ಲಾಗುವುದನ್ನು ಅವರಿಂದಲೇ ಮಾಡಿಸಬೇಕು ಎಂದಿದೆ. ಸೋದರತ್ತೆಗೆ ಇದನ್ನು ಓದಿ ಹೇಳಿದೆ. “ಇದನ್ನ ಬರ್ಯಾಕ ಎಷ್ಟ ಮಂದಿ ಕೂಡಿದ್ರು?” ಎಂದು ಕೇಳಿದಳು.

ಆಮೇಲೆ ಮನೆಗಳು. ಸರಕಾರ ‘ಆಸರೆ’ ಎಂದು ಯೋಜನೆ ಮಾಡಿತು; ದಾನಿಗಳು ಮುಂದೆ ಬಂದರು; ಹೊಳೆಯಿಂದ ದೂರ, ಎತ್ತರದಲ್ಲಿ, ನವಗ್ರಾಮಗಳೆದ್ದವು. ಜನ ಹೋಗಲಿಲ್ಲ. ಹೋದವರೂ ಹಗಲು ಹೊತ್ತು ಹಳೆಯ ಊರಿನಲ್ಲಿರುತ್ತಿದ್ದರು. ನಮ್ಮ ಪಾಲಿನ ಮನೆಯಲ್ಲಿ ಬಹಳ ವರ್ಷ ಕಣಕಿ, ಹೊಟ್ಟು ತುಂಬಿಟ್ಟಿದ್ದೆವು. ಇದನ್ನು ಕಂಡ ಪಟ್ಟಣದವರಿಗೆ ಸಿಟ್ಟು ಬರುವುದು ಸಹಜ: ಮುಳುಗುವ ಊರಿಗೇ ಅಂಟಿಕೊಳ್ಳುವ ಇವರಿಗೆ ಬುದ್ಧಿ ಇಲ್ಲವೇ? 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯ ಭೂಕಂಪವಾದ ಮೇಲೆ ಮಹಾರಾಷ್ಟ್ರದವರು 52 ಹಳ್ಳಿಗಳನ್ನು ಬೇರೆಡೆ ಕಟ್ಟಿದರು. ಅಲ್ಲಿಯೂ ಅಗಲವಾದ ಬೀದಿ, ಅಳತೆಗೆಟ್ಟು ಉದ್ದವಾದ ಸಾಲು. ಅಲ್ಲಿಯೂ ಜನ ಹೊಂದಿಕೊಳ್ಳಲು ಒದ್ದಾಡಿದರು. ನವಗ್ರಾಮದ ನಕಾಶೆಯಲ್ಲಿ ಮನೆಗಳಿಗೆ ಅಂಕಿ ಇತ್ತು, ಓಣಿಗೆ ಹೆಸರಿರಲಿಲ್ಲ. ಚೀಟಿ ಎತ್ತಿ ಮನೆ ಹಂಚಿದ್ದರಿಂದ ಬೀಗರು ಒಂದು ಕಡೆ, ಬಾಜೂ ಮನೆಯವರು ಒಂದು ಕಡೆ ಆದರು. ರಾತ್ರಿ ಅಂಜಿಕೆಯಾದರೆ ಗೋಡೆ ಬಡಿದು ಕರೆಯುವಷ್ಟು ಹತ್ತಿರದಲ್ಲಿ ಗುರುತಿನ ಮನುಷ್ಯರಿರಬೇಕು. ನೆರೆಯಿಂದ ಬದುಕಿಬಂದವರಿಗೆ ಸಿಮೆಂಟಿಗಿಂತ ಅದು ಹೆಚ್ಚು ಬೇಕಾಗುತ್ತದೆ ಎಂಬುದನ್ನು ಇಂಜಿನಿಯರರು ಗಣಿತದಲ್ಲಿ ಹಿಡಿದಿರಲಿಲ್ಲ.

ಅಪ್ಪನ ವಿಷಯವನ್ನು ಮುಂದೆ ಹಾಕುತ್ತ ಬಂದಿದ್ದೇನೆ. ಒಂದೇ ಎತ್ತು ಇಟ್ಟುಕೊಂಡು ಗಳೆ ಹೊಡೆಯಲಾಗುವುದಿಲ್ಲ, ಉಳಿದದ್ದನ್ನು ಮಾರಿದೆವು. ಸತ್ತ ಎತ್ತಿಗೆ ಪರಿಹಾರ ಬಂದಿತು. ಹೊಸ ಜೋಡಿ ತರೋಣವೆಂದರೆ ಅಪ್ಪ ಆಗಲಿ ಎನ್ನುತ್ತಿದ್ದ, ಸಂತೆಯ ದಿನ ಏಳುತ್ತಿರಲಿಲ್ಲ. ಹೊಲವನ್ನು ಕೋರಿಗೆ ಹಾಕಿದ. ಕೆಡವಿದ ಕೊಟ್ಟಿಗೆಯ ಜಾಗದಲ್ಲಿ ಒಂದು ಕಲ್ಲಿನ ಮೇಲೆ ಕುಳಿತಿರುತ್ತಿದ್ದ. ಊರಲ್ಲಿ ಇದಕ್ಕೆ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ ಎನ್ನುತ್ತಾರೆ. ಹುಬ್ಬಳ್ಳಿಗೆ ಕರೆತಂದು ತೋರಿಸಿದೆವು. ಕೆಲವು ತಿಂಗಳು ಗುಳಿಗೆ ತೆಗೆದುಕೊಂಡ, ನಿದ್ದೆ ಬಂದಿತು, ನಾಲ್ಕು ಮಾತು ಹೆಚ್ಚಾಯಿತು. ಆಮೇಲೆ ಬರಲು ಒಲ್ಲೆನೆಂದ. 2013ರಲ್ಲಿ ತೀರಿಕೊಂಡ. ಟ್ರಂಕು ತೆಗೆದು ನೋಡಿದಾಗ ಎತ್ತಿನ ಪರಿಹಾರದ ಹಣ ಪಾಸ್‌ಬುಕ್ಕಿನಲ್ಲಿ ಹಾಗೆಯೇ ಇತ್ತು, ಬಡ್ಡಿ ಸಹಿತ.

ಉತ್ತರ ಕರ್ನಾಟಕದ ಜನ ಗಟ್ಟಿ ಜನ, ಎಂಥ ಆಪತ್ತು ಬಂದರೂ ಎದ್ದು ನಿಲ್ಲುತ್ತಾರೆ ಎಂಬ ಮಾತನ್ನು ನಾನು ವೇದಿಕೆಗಳ ಮೇಲೆ ಬಹಳ ಕೇಳಿದ್ದೇನೆ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ನನಗೆ ಆ ಮಾತು ರುಚಿಸುವುದಿಲ್ಲ. ಎದ್ದು ನಿಂತವರನ್ನು ಹೊಗಳಿದಷ್ಟು ಸಲವೂ ಏಳಲಾರದವನು ಇನ್ನಷ್ಟು ಒಂಟಿಯಾಗುತ್ತಾನೆ. ಮೇಲಾಗಿ, ಗಟ್ಟಿ ಜನರೆಂದು ಹೆಸರು ಬಿದ್ದರೆ ಅವರಿಗೆ ಗಟ್ಟಿ ಗೋಡೆ ಕಟ್ಟಿಕೊಡುವ ಅವಸರ ಯಾರಿಗೂ ಇರುವುದಿಲ್ಲ.

2019ರಲ್ಲಿ ಹೊಳೆ ಮತ್ತೆ ಬಂದಿತು. ಆಗಸ್ಟ್ 5ಕ್ಕೆ ನಾಗರಪಂಚಮಿ. ಹೆಣ್ಣುಮಕ್ಕಳು ತವರಿಗೆ ಬಂದಿದ್ದರು, ಉಂಡಿ ಕಟ್ಟಿದ್ದಾಗಿತ್ತು, ಜೋಕಾಲಿ ಹಾಕಿದ್ದರು. ಘಟ್ಟದ ಮೇಲೆ ಮಳೆ ಜಡಿದು ನವಿಲುತೀರ್ಥದಿಂದ ನೀರು ಬಿಟ್ಟರು. ಡಂಗುರ ಸಾರಿದ್ದರು. ಆದರೆ ಇಂಥ ಡಂಗುರವನ್ನು ಜನ ನಾಲ್ಕು ಸಲ ಕೇಳಿದ್ದರು, ನಾಲ್ಕು ಸಲವೂ ಏನೂ ಆಗಿರಲಿಲ್ಲ. ನಾನು ಧಾರವಾಡದಲ್ಲಿದ್ದೆ; ಇಲ್ಲಿಯೂ ಬಿಡದ ಮಳೆ; ಊರಿಗೆ ಫೋನು ಹತ್ತಲೊಲ್ಲದು. ಮುಂದಿನದನ್ನು ಆಮೇಲೆ ಊರವರ ಬಾಯಿಂದ ಕೇಳಿದೆ, ಅವ್ವ ಹೇಳಿದ್ದಲ್ಲ.

ನಡುರಾತ್ರಿ ಅವಳಿಗೆ ಎಚ್ಚರವಾಗಿದೆ. 2009ರಿಂದ ಮಳೆಗಾಲದ ರಾತ್ರಿ ಅವಳು ಪೂರ್ತಿ ನಿದ್ದೆ ಮಾಡಿದವಳೇ ಅಲ್ಲ. ಹಳ್ಳದ ದನಿ ಬದಲಾದದ್ದು ಕೇಳಿದೆ. ಕಂದೀಲು ಹಿಡಿದು ಹೋಗಿ ನೋಡಿದ್ದಾಳೆ. ನೀರು ಮುಂದಕ್ಕೆ ಹರಿಯದೆ ನಿಂತಿದೆ, ಕಸಕಡ್ಡಿ ಮೇಲಕ್ಕೆ ತೇಲಿ ಬರುತ್ತಿದೆ. ಹಳ್ಳ ಹೊರಳುವ ಮೊದಲು ಹಾಗೆ ನಿಲ್ಲುತ್ತದೆ ಎಂಬುದು ಆ ಊರಲ್ಲಿ ಹಲವರಿಗೆ ಗೊತ್ತು; ಆ ಹೊತ್ತಿನಲ್ಲಿ ಎದ್ದು ನೋಡುವವರು ಬೇಕಲ್ಲ. ಅವಳು ಮನೆಗೆ ಮರಳಿ ಕುಡಗೋಲು ತೆಗೆದುಕೊಂಡಿದ್ದಾಳೆ. ಓಣಿಯ ಪ್ರತಿ ಬಾಗಿಲು ಬಡಿದು, “ಏಳ್ರಿ, ಮೊದಲ ದನದ ಕಣ್ಣಿ ಕೊಯ್ಯ್ರಿ, ಬಿಚ್ಚಾಕ ಹೋಗಬ್ಯಾಡ್ರಿ,” ಎಂದು ಒದರಿದ್ದಾಳೆ. ಎದ್ದವರು ಕಣ್ಣುಜ್ಜಿಕೊಳ್ಳುತ್ತ ನಿಂತಲ್ಲೆಲ್ಲ ತಾನೇ ಕೊಟ್ಟಿಗೆಗೆ ನುಗ್ಗಿ ಕೊಯ್ದಿದ್ದಾಳೆ. ಅರವತ್ತು ದಾಟಿದ ಹೆಂಗಸು. ಮಾವನವರ ಕಾಲದಲ್ಲಿ ಗಂಡಸರೆದುರು ಸೆರಗು ಸರಿಸಿದವಳಲ್ಲ. ಬೆಳಗಿನ ಜಾವ ನೀರು ಬಂದಾಗ ಆ ಓಣಿಯ ಜನರೂ ದನಗಳೂ ನವಗ್ರಾಮದ ಏರಿನ ಮೇಲಿದ್ದರು. ನಮ್ಮ ಹಳೆಯ ಮನೆ ಆ ಸಲ ಪೂರ್ತಿ ಹೋಯಿತು. ಅವ್ವ ಹೊಟ್ಟು ಹೊರಗೆ ಹಾಕಿ ಹೊಸ ಮನೆಯಲ್ಲಿ ಒಲೆ ಹೂಡಿದಳು. ಓಣಿಯವರು ತಮ್ಮತಮ್ಮಲ್ಲಿಯೇ ಮನೆ ಅದಲುಬದಲು ಮಾಡಿಕೊಂಡು, ಬಾಜೂ ಇದ್ದವರು ಮತ್ತೆ ಬಾಜೂ ಆದರು. ಕಾಗದದಲ್ಲಿ ಅಂಕಿ ಹಾಗೆಯೇ ಇದೆ.

ಅಮೆರಿಕದಲ್ಲಿ ರಿಚರ್ಡ್ ಟೆಡೆಸ್ಕಿ, ಲಾರೆನ್ಸ್ ಕ್ಯಾಲ್‌ಹೌನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರಿದ್ದಾರೆ. ದೊಡ್ಡ ಆಘಾತವನ್ನು ದಾಟಿಬಂದ ಕೆಲವರು ಮೊದಲಿನಂತಾಗುವುದಷ್ಟೇ ಅಲ್ಲ, ಕೆಲವು ವಿಷಯಗಳಲ್ಲಿ ಮೊದಲಿಗಿಂತ ಬೆಳೆದಿರುತ್ತಾರೆ ಎಂಬುದನ್ನು ಅವರು ಅಭ್ಯಾಸ ಮಾಡಿದರು. 1996ರಲ್ಲಿ ಅದನ್ನು ಅಳೆಯಲು 21 ಹೇಳಿಕೆಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಒಂದೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ಮಂದಿಯೊಡನೆ ನಂಟು, ಹೊಸ ದಾರಿಗಳು, ತನ್ನ ಶಕ್ತಿಯ ಅರಿವು, ದೈವದ ವಿಷಯ, ಬದುಕಿನ ಬೆಲೆ, ಹೀಗೆ ಐದು ಬಗೆ. ಒಟ್ಟು 105. ಪರೀಕ್ಷಕನ ಚಾಳಿ ಬಿಡುವುದಲ್ಲ. ಹೋದ ದಸರೆಯ ರಜೆಯಲ್ಲಿ ಅದರ ಭಾವವನ್ನು ನಮ್ಮ ಮಾತಿನಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಂಡು ಅವ್ವನ ಮುಂದೆ ಕುಳಿತೆ.

ಕಷ್ಟದಲ್ಲಿ ಮಂದಿಯನ್ನು ನೆಚ್ಚಬಹುದೆಂದು ತಿಳಿಯಿತೇ ಎಂದು ಕೇಳಿದೆ. “ಯಾವ ಮಂದಿ? ಹೆಸರ ಹಿಡದ ಕೇಳು. ಕೆಲವರ್ನ ನೆಚ್ಚಬೇಕು, ಕೆಲವರ್ನ ನೆಚ್ಚಬಾರದು ಅಂತ ತಿಳೀತು. ಅದಕ್ಕ ಎಷ್ಟು?” ಮೂರು ಹಾಕಿದೆ. ಮೊದಲಿಗಿಂತ ಧೈರ್ಯ ಬಂದಿದೆಯೇ? “ಮೊದಲ ತಹಶೀಲ್ದಾರ ಅಂದ್ರ ಅಂಜತಿದ್ದೆ. ಹೊಳಿ ನೋಡಿದ ಮ್ಯಾಲೆ ಅಂವನ್ನ ಏನ ಅಂಜೂದು? ಆದ್ರ ಮಳಿ ಬಂದ್ರ ಅಂಜತೀನಿ. ಎರಡೂ ಬರಕೋ.” ದೇವರ ಮೇಲೆ? “ಹಣಮಪ್ಪ ತಾನ ಮೂರ ದಿನ ನೀರಾಗ ನಿಂತಿದ್ದ. ಅಂವಗೂ ತ್ರಾಸ ಆಗೈತಿ. ಅಂವನ ಮ್ಯಾಲೆ ನನಗ ಸಿಟ್ಟಿಲ್ಲ.” ಇದಕ್ಕೆ ಎಷ್ಟು ಹಾಕಬೇಕೆಂಬುದು ಆ ಅಮೆರಿಕನ್ನರಿಗೂ ತಿಳಿಯಲಾರದು. ದಿನದಿನದ ಬದುಕಿಗೆ ಬೆಲೆ ಹೆಚ್ಚಾಯಿತೇ ಎಂದಾಗ ಅವಳು ಸ್ವಲ್ಪ ಯೋಚಿಸಿದಳು. “ಮೊದಲೂ ಎದ್ದ ಕಸ ಹೊಡೀತಿದ್ದೆ, ಈಗೂ ಹೊಡೀತೀನಿ. ಆದ್ರ ಈಗ ಹಾಸಿಗಿಂದ ಕಾಲ ಇಳಿಬಿಟ್ಟ ಕೂಡ್ಲೆ ನೆಲಾ ಒಣಗೈತೇನ ಅಂತ ನೋಡ್ತೀನಿ. ಒಣಗಿದ್ರ ಛಲೋ ಅನಸ್ತೈತಿ.” ಇದಕ್ಕೆ ಐದು ಹಾಕಿದೆ.

ಹಾಗಾದರೆ ಹೊಳೆ ನಿನಗೆ ಏನೋ ಕೊಟ್ಟಿತು ಎಂದಂತಾಯಿತಲ್ಲ ಎಂದೆ. ಅವಳಿಗೆ ಸಿಟ್ಟೇ ಬಂದಿತು. “ಹೊಳಿ ಏನ ಕೊಡತೈತೋ ತಮ್ಮಾ? ಒಯ್ತು. ಆಮ್ಯಾಲಿಂದು ನಾವ ಮಾಡಕೊಂಡದ್ದು.” ಆಘಾತದಿಂದ ಬೆಳವಣಿಗೆಯಲ್ಲ, ಆಘಾತದೊಡನೆ ನಡೆಸಿದ ಹೋರಾಟದಿಂದ ಎಂದು ಆ ಇಬ್ಬರು ಪಂಡಿತರೂ ಒತ್ತಿ ಹೇಳಿದ್ದಾರೆ. ನಾನು ಅದನ್ನು ಹೇಳಹೋದೆ, ಅವಳು ಕೇಳಲಿಲ್ಲ.

ಕೂಡಿಸಿ ನೋಡಿದೆ, 67 ಆದವು. “ಪಾಸೋ ನಪಾಸೋ?” ಎಂದಳು. ಪ್ರಥಮ ದರ್ಜೆ ಎಂದೆ. ನಕ್ಕಳು. ಹಾಳೆಯನ್ನು ಇಸಿದುಕೊಂಡು, ಅಕ್ಷರ ಬಾರದಿದ್ದರೂ ಅಂಕಿಗಳ ಮೇಲೆ ಬೆರಳಾಡಿಸಿದಳು. ಆಮೇಲೆ, “ನಿಮ್ಮಪ್ಪಗ ಎಷ್ಟ ಹಾಕ್ತಿ?” ಎಂದು ಕೇಳಿದಳು.

ಇಪ್ಪತ್ತು ವರ್ಷದಿಂದ ಉತ್ತರಪತ್ರಿಕೆ ನೋಡುತ್ತಿದ್ದೇನೆ. ಪೆನ್ನು ಕೈಯಲ್ಲಿಯೇ ಇತ್ತು.

“ಹಾಕಬ್ಯಾಡ,” ಎಂದಳು ಅವ್ವ. “ಅಂವ ಒಂದ ಎತ್ತ ಉಳಿಸ್ಯಾನ. ಹ್ವಾದದ್ದನ್ನ ಎಲ್ಲಾರೂ ಕೇಳಿದ್ರು, ಉಳಿಸಿದ್ದನ್ನ ಒಬ್ರೂ ಕೇಳಲಿಲ್ಲ. ಆ ಕತ್ತಲದಾಗ ಒಂದ ಗಂಟರೆ ಬಿಚ್ಚಿದ್ನಲ್ಲೋ.”

ಹೊರಗೆ ಎಮ್ಮೆ ಕೂಗಿತು. ನವಗ್ರಾಮಕ್ಕೆ ಬಂದ ಮೇಲೆ ಅವಳು ಎಮ್ಮೆ ಕಟ್ಟಿ ಹಾಲು ಹಾಕುತ್ತಾಳೆ, ಹೊಲ ದೂರವಾಯಿತಲ್ಲ. ಪಾತ್ರೆ ತೆಗೆದುಕೊಂಡು ಎದ್ದಳು. ಎಮ್ಮೆಯ ಕಣ್ಣಿಗೆ ಅವಳು ಗಂಟು ಹಾಕುವುದಿಲ್ಲ. ಮರದ ಗುಬ್ಬಿಯೊಂದನ್ನು ಕುಣಿಕೆಗೆ ಸಿಕ್ಕಿಸುತ್ತಾಳೆ, ಎಳೆದರೆ ಬಿಚ್ಚುತ್ತದೆ. ಈಗ ಆ ಓಣಿಯಲ್ಲಿ ಎಲ್ಲರದೂ ಹಾಗೆಯೇ.

ದೀಪಾವಳಿಗೆ ಹೋದಾಗ ನನ್ನ ಪ್ರಶ್ನೆಗಳ ಹಾಳೆ ಅಡಿಗೆಮನೆಯ ಮೊಳೆಗೆ ತೂಗುತ್ತಿತ್ತು. ಹಿಂಬದಿಯಲ್ಲಿ ಹಾಲಿನ ಲೆಕ್ಕ, ಲೀಟರಿಗೊಂದು ಗೀಟು, ಮನೆಗೊಂದು ಸಾಲು. ಎರಡು ಮನೆಯವರು ಬಾಕಿ ಇಟ್ಟಿದ್ದರು.